ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು



ಮಹಾವೀರ ಎಂದ ಕೂಡಲೇ ನಿಮಗೆಲ್ಲ ಜೈನರ ಇಪ್ಪತ್ನಾಲ್ಕನೇ ತೀರ್ಥಂಕರರು ನೆನಪಾಗಬಹುದು. ನಾನು ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ. ಅವರಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ನಮ್ಮ ಕರ್ನಾಟಕದಲ್ಲೇ ಬಾಳಿದ, ಅದೇ ಹೆಸರಿನ ಒಬ್ಬ ಗಣಿತಜ್ಞರ ಬಗ್ಗೆ. ಲೆಕ್ಕ ಅಂದರೆ ಹೆದರುವವರು ಇದನ್ನು ತಪ್ಪದೇ ಓದಬೇಕು.

ಮಹಾವೀರಾಚಾರ್ಯರು ಇದ್ದದ್ದು ಕ್ರಿ.ಶ. 850ರ ಸುಮಾರಿಗೆ. ಆಗ ನಮ್ಮ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ. ಅದು ಈಗ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲನೇ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ರಾಜನ ಕಾಲದಲ್ಲಿ. ಮಹಾವೀರಾಚಾರ್ಯರು ತಮ್ಮ ಪುಸ್ತಕದ ಮೊದಲಿಗೇ ಈ ರಾಜನನ್ನು ಹೊಗಳಿದ್ದಾರೆ. ಆದರೆ ತಮ್ಮ ತಂದೆ ತಾಯಿ ಯಾರು, ಹುಟ್ಟಿದ ಊರು ಯಾವುದು ಅನ್ನೋದನ್ನೇ ಬರೆದುಕೊಂಡಿಲ್ಲ. ಅವರ ಜೀವನ ಎಂದರೆ ಅವರ ಪುಸ್ತಕವೇ.

ಆ ಪುಸ್ತಕದ ಹೆಸರು ಗಣಿತಸಾರ ಸಂಗ್ರಹ. ಸಂಸ್ಕೃತದಲ್ಲಿ, ಅದೂ ಪದ್ಯದಲ್ಲಿದೆ. ಒಟ್ಟು ಸಾವಿರಕ್ಕೂ ಹೆಚ್ಚು ಪದ್ಯಗಳು! ಆ ಕಾಲದಲ್ಲಿ ಗಣಿತವನ್ನು ಹೆಚ್ಚಾಗಿ ಗ್ರಹ ನಕ್ಷತ್ರಗಳ ಪುಸ್ತಕದೊಳಗೆ ಒಂದೆರಡು ಅಧ್ಯಾಯ ಮಾಡಿ ಸೇರಿಸುತ್ತಿದ್ದರು. ಇವರು ಗಣಿತಕ್ಕೆಂದೇ ಪೂರ್ತಿ ಒಂದು ಪುಸ್ತಕ ಬರೆದರು. ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು, ವ್ಯಾಪಾರ ಎಲ್ಲದಕ್ಕೂ ಲೆಕ್ಕ ಬೇಕೇ ಬೇಕು ಎಂಬುದು ಅವರ ಮಾತಿನ ಸಾರ. ಅದಕ್ಕೇ ಅವರ ಲೆಕ್ಕಗಳಲ್ಲಿ ಹೂವಿನ ಮೇಲಿನ ದುಂಬಿಗಳು, ಕಾಡಿನ ಆನೆಗಳು, ಹಣ್ಣು ಹಂಚಿಕೊಳ್ಳುವವರು, ಬಡ್ಡಿ ಸಾಲ, ಚಿನ್ನದ ಬಣ್ಣ, ನೆರಳಿನ ಅಳತೆ ಎಲ್ಲಾ ಬರುತ್ತವೆ.

ಅವರಿಗೆ ಸಂಖ್ಯೆಗಳ ಜೊತೆ ಆಟ ಆಡುವುದೂ ಇಷ್ಟ. 139ನ್ನು 109ರಿಂದ ಗುಣಿಸಿ ನೋಡಿ. 15151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಕೊರಳಿನ ಹಾರದ ಹಾಗೆ ಎರಡೂ ಕಡೆ ಸಮ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಸಲ 1 ಬರುತ್ತದೆ. ನಂಬಿಕೆ ಬರದಿದ್ದರೆ ಸ್ಲೇಟಿನಲ್ಲಿ ಮಾಡಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂದು ಆರು ರುಚಿಗಳಿವೆ. ಇವನ್ನು ಬೇರೆ ಬೇರೆ ರೀತಿ ಬೆರೆಸಿದರೆ ಎಷ್ಟು ಬಗೆ ಆಗುತ್ತದೆ? ಇದು ಮಹಾವೀರಾಚಾರ್ಯರು ಕೇಳಿದ ಲೆಕ್ಕ. ಎಣಿಸುತ್ತಾ ಕೂತರೆ ತಲೆ ಕೆಡುತ್ತೆ. ಅದಕ್ಕೆ ಅವರು ಒಂದು ಸೂತ್ರ ಕೊಟ್ಟರು. ಎರಡೆರಡು ರುಚಿ ಬೆರೆಸಬೇಕಾದರೆ ಆರರಿಂದ ಹಿಂದಕ್ಕೆ ಎರಡು ಸಂಖ್ಯೆ ತಗೊಂಡು ಗುಣಿಸಿ, ಅಂದರೆ 6×5=30. ಒಂದರಿಂದ ಮುಂದಕ್ಕೆ ಎರಡು ಸಂಖ್ಯೆ ಗುಣಿಸಿ, 1×2=2. ಭಾಗಿಸಿದರೆ 15. ಮೂರು ಮೂರು ಬೆರೆಸಿದರೆ 6×5×4ನ್ನು 1×2×3ರಿಂದ ಭಾಗಿಸಿ, 20. ಹೀಗೆ ಒಂದರಿಂದ ಆರರವರೆಗೆ ಲೆಕ್ಕ ಹಾಕಿದರೆ 6, 15, 20, 15, 6, 1. ಎಲ್ಲ ಕೂಡಿದರೆ 63. ಎಷ್ಟು ವಸ್ತು ಇದ್ದರೂ ನಡೆಯುವ ಈ ಸೂತ್ರವನ್ನು ಪ್ರಪಂಚದಲ್ಲೇ ಮೊದಲು ಸ್ಪಷ್ಟವಾಗಿ ಬರೆದವರು ಇವರು ಅಂತ ಹೇಳುತ್ತಾರೆ. ಈಗ ಕಾಲೇಜಿನಲ್ಲಿ ಇದಕ್ಕೆ ವಿಕಲ್ಪ ಅನ್ನುತ್ತಾರೆ.

ಇದರ ಉಪಯೋಗ ನನಗೆ ತಿಳಿದದ್ದು ಮೈಸೂರಿನ ಯಾದವಗಿರಿಯಲ್ಲಿ. ನಮ್ಮ ದೊಡ್ಡಪ್ಪನ ಮಗಳು ಅಲ್ಲಿ ಅತ್ತೆ ಮನೆಯಲ್ಲಿದ್ದುಕೊಂಡು ಪ್ರಥಮ ಪಿಯುಸಿ ಓದುತ್ತಿದ್ದಳು. ನಮ್ಮೂರಲ್ಲಿ ಕನ್ನಡದಲ್ಲಿ ಓದಿದವಳು, ಅಲ್ಲಿ ಎಲ್ಲಾ ಇಂಗ್ಲಿಷು. ಗಣಿತ ಹೋದರೆ ಓದು ಸಾಕು, ಊರಿಗೆ ಬಾ ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದರು. ಸಂಕ್ರಾಂತಿಗೆ ನಾನು ಹೋದಾಗ ಅಕ್ಕನೂ ಮೂವರು ಗೆಳತಿಯರೂ ಜಗಲಿಯ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದರು. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳುತ್ತಿತ್ತು. ಚೀಲದಲ್ಲಿ 2 ಕೆಂಪು, 4 ನೀಲಿ ಚೆಂಡು ಇವೆ, ಕಣ್ಣು ಮುಚ್ಚಿ ಎರಡು ತೆಗೆದರೆ ಎರಡೂ ಕೆಂಪೇ ಆಗುವ ಸಂಭವ ಎಷ್ಟು? ಅಕ್ಕನಿಗೆ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಆಗ ಒಬ್ಬ ಗೆಳತಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಆರು ಚೆಂಡು ಬರೆದು ಜೋಡಿ ಜೋಡಿ ಮಾಡಿ ಎಣಿಸಿ ಅಂದಳು. ನಾನೂ ಎಣಿಸಿದೆ. ಹದಿನೈದು ಜೋಡಿ! ಎರಡೂ ಕೆಂಪು ಇರೋದು ಒಂದೇ ಒಂದು. ಉತ್ತರ ಹದಿನೈದರಲ್ಲಿ ಒಂದು ಭಾಗ. ಆಮೇಲೆ ಅವಳು ಸೂತ್ರ ಹೇಳಿಕೊಟ್ಟು, ಇದು ನಮ್ಮ ಮಹಾವೀರಾಚಾರ್ಯರದ್ದು ಅಂದಳು. ಆ ಗೆಳತಿಗೆ ಸಂಖ್ಯಾಶಾಸ್ತ್ರದ ಮಾನಕ ವಿಚಲನೆ ಬರುತ್ತಿರಲಿಲ್ಲ. ಅದನ್ನು ಅಕ್ಕ ಹೇಳಿಕೊಟ್ಟಳು. ಹೇಳಿಕೊಡುವಾಗ ಅಕ್ಕನ ಮುಖವೇ ಬೇರೆ ಆಗಿತ್ತು. ಪರೀಕ್ಷೆಯಲ್ಲಿ ನಾಲ್ವರೂ ಪಾಸಾದರು. ಅಕ್ಕ ಊರಿಗೆ ಬಂದಿದ್ದು ಬೇಸಿಗೆ ರಜೆಗೆ ಮಾತ್ರ.

ಸಂಭವನೀಯತೆ ಎಂಬ ಶಾಸ್ತ್ರ ಹುಟ್ಟಿದ್ದು ಮಾತ್ರ ಬಹಳ ತಡವಾಗಿ. 1654ರಲ್ಲಿ ಫ್ರಾನ್ಸ್ ದೇಶದ ಪ್ಯಾಸ್ಕಲ್ ಮತ್ತು ಫರ್ಮಾ ಎಂಬಿಬ್ಬರು ಜೂಜಾಟದ ಒಂದು ಲೆಕ್ಕ ಬಿಡಿಸಲು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡರು. ಅದರಿಂದ ಈ ಶಾಸ್ತ್ರ ಬೆಳೆಯಿತು. ಎಣಿಸುವ ದಾರಿಯನ್ನು ನಮ್ಮವರು ಅದಕ್ಕೂ ಎಂಟುನೂರು ವರ್ಷ ಮೊದಲೇ ಹಾಕಿದ್ದರು.

ಮಹಾವೀರಾಚಾರ್ಯರು ಬರೆದದ್ದೆಲ್ಲಾ ಸರಿ ಎಂದು ತಿಳಿಯಬೇಡಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಅವರು ಬರೆದಿದ್ದಾರೆ. ಅದು ಸರಿಯಲ್ಲ. ಸೊನ್ನೆಯಿಂದ ಭಾಗಿಸಲು ಬರುವುದೇ ಇಲ್ಲ ಎಂದು ಮುಂದಿನವರು ತಿಳಿದುಕೊಂಡರು.

ಅವರ ದೊಡ್ಡ ಗುಣ ಇನ್ನೊಂದಿದೆ. ಇದೆಲ್ಲಾ ನನ್ನದೇ ಎಂದು ಅವರು ಹೇಳಿಕೊಳ್ಳಲಿಲ್ಲ. ಗುರುಗಳು, ಅವರ ಶಿಷ್ಯರು, ಶಿಷ್ಯರ ಶಿಷ್ಯರು ಕೂಡಿಟ್ಟ ವಿದ್ಯೆಯ ಸಮುದ್ರದಿಂದ ಸ್ವಲ್ಪ ರತ್ನ ಆರಿಸಿಕೊಟ್ಟಿದ್ದೇನೆ ಎಂಬ ಅರ್ಥದಲ್ಲಿ ಬರೆದರು. ಅವರ ಪುಸ್ತಕವೂ ಹಾಗೇ ಕೈಯಿಂದ ಕೈಗೆ ಹೋಯಿತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ತಾಳೆಗರಿ ನಕಲು ಮಾಡಿದವರಿಂದ ಅದು ಉಳಿಯಿತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. 2000ದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದ ಜೈನ ಮಠದಿಂದ ಹೊರಬಂತು. ಒಬ್ಬರೂ ಮುಚ್ಚಿಟ್ಟುಕೊಳ್ಳಲಿಲ್ಲ, ಅದಕ್ಕೇ ನಮ್ಮವರೆಗೂ ಬಂತು.

ಆದ್ದರಿಂದ ಗೆಳೆಯರೇ, ನಿಮಗೆ ಬರುವ ಲೆಕ್ಕವನ್ನು ಪಕ್ಕದವರಿಗೂ ಹೇಳಿಕೊಡಿ. ಬಾರದಿದ್ದರೆ ನಾಚಿಕೆ ಬಿಟ್ಟು ಕೇಳಿ.

ಕೊನೆಗೊಂದು ಲೆಕ್ಕ: ವಜ್ರ, ನೀಲ, ಪಚ್ಚೆ, ಹವಳ, ಮುತ್ತು, ಈ ಐದರಲ್ಲಿ ಮೂರನ್ನು ಆರಿಸಿ ಹಾರ ಮಾಡಬೇಕು. ಎಷ್ಟು ಬಗೆಯಲ್ಲಿ ಆರಿಸಬಹುದು? ಉತ್ತರವನ್ನು ಚೀಟಿಯಲ್ಲಿ ಬರೆದು ಗಣಿತದ ಗುರುಗಳ ಮೇಜಿನ ಮೇಲಿಡಿ. ಇಬ್ಬರು ಸೇರಿ ಬಿಡಿಸಿದರೆ ಇಬ್ಬರ ಹೆಸರೂ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿನಿ