ಮರಳೊಳಗಿನ ಹೂಗಳ ಗೆಳೆಯ

ಗಾಜಿನ ತೊಟ್ಟಿಯಲ್ಲಿ ಈಜುವ ಮೀನುಗಳನ್ನು ಕಂಡಾಗ ನಾವು ಸಲೀಸಾಗಿ ಅಕ್ವೇರಿಯಂ ಎನ್ನುತ್ತೇವೆ. 1854ರಲ್ಲಿ ಅದೇ ಹೆಸರಿನ ಪುಸ್ತಕ ಬರೆದು ಆ ಪದವನ್ನು ಮನೆಮಾತಾಗಿಸಿದವನು ಫಿಲಿಪ್ ಹೆನ್ರಿ ಗಾಸ್. ಪ್ರಾಣಿಶಾಸ್ತ್ರ ಓದುವ ನನಗೆ ಆತ ಇಷ್ಟವಾಗಿದ್ದು ಮಾತ್ರ ಸಮುದ್ರ ಅನಿಮೋನ್‌ಗಳಿಂದ.

1810ರಲ್ಲಿ ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಹುಟ್ಟಿದ ಗಾಸ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 17ರ ಹರೆಯದಲ್ಲೇ ಗುಮಾಸ್ತನಾಗಿ ನ್ಯೂಫೌಂಡ್‌ಲ್ಯಾಂಡಿಗೆ ಹೋದ. ಕೆನಡಾದಲ್ಲಿ ಬೇಸಾಯ ಮಾಡಿದ, ಅಲಬಾಮಾದಲ್ಲಿ ಮೇಷ್ಟರಾದ, ಜಮೈಕಾದಲ್ಲಿ ಹಕ್ಕಿಗಳ ಹಿಂದೆ ಅಲೆದ. ಕೊನೆಗೆ ಆತನನ್ನು ಹಿಡಿದು ನಿಲ್ಲಿಸಿದ್ದು ಡೆವನ್ ಕರಾವಳಿ.

ಅನಿಮೋನ್ ಹೂವಿನಂತೆ ಕಂಡರೂ ಬೇಟೆಯಾಡುವ ಪ್ರಾಣಿ. ಹೆಚ್ಚಿನವು ಚಪ್ಪಟೆ ಬುಡದಿಂದ ಬಂಡೆಗೆ ಅಂಟಿಕೊಳ್ಳುತ್ತವೆ. ಕೆಲವು ಮಾತ್ರ ಮರಳಿನಲ್ಲಿ ಹುದುಗಿ ಬದುಕುತ್ತವೆ. ಇವುಗಳ ದೇಹ ಹುಳುವಿನಂತೆ ಉದ್ದ, ಬುಡ ದುಂಡಗೆ. ಆ ತುದಿಯನ್ನು ಉಬ್ಬಿಸಿ ಲಂಗರಿನಂತೆ ಊರಿ, ಸ್ನಾಯುಗಳನ್ನು ಸೆಳೆದುಕೊಂಡು ಒಳಕ್ಕಿಳಿಯುತ್ತವೆ. ಮೇಲೆ ಕಾಣುವುದು ಗ್ರಹಣಾಂಗಗಳ ಉಂಗುರವಷ್ಟೇ. 12 ಗ್ರಹಣಾಂಗಗಳ ಇಂಥದ್ದೊಂದು ಕುಲಕ್ಕೆ 1855ರಲ್ಲಿ ಗಾಸ್ ಪೀಚಿಯಾ ಎಂದು ಹೆಸರಿಟ್ಟ. ಕರಾವಳಿ ಕಾವಲಿನ ನೌಕರಿ ಮಾಡುತ್ತಲೇ ಕಡಲ ಜೀವಿಗಳನ್ನು ಅಭ್ಯಸಿಸಿದ ಚಾರ್ಲ್ಸ್ ಪೀಚ್‌ಗೆ ಅದು ಸಂದ ಗೌರವ.

1857 ಆತನ ಪಾಲಿಗೆ ಕೆಟ್ಟ ವರ್ಷ. ಪತ್ನಿ ಎಮಿಲಿ ಕ್ಯಾನ್ಸರ್‌ಗೆ ಬಲಿಯಾದಳು. ಭೂವಿಜ್ಞಾನವನ್ನು ಬೈಬಲ್ಲಿಗೆ ಹೊಂದಿಸಲು ಬರೆದ ಪುಸ್ತಕವನ್ನು ಯಾರೂ ಮೆಚ್ಚಲಿಲ್ಲ. ಪುಟ್ಟ ಮಗ ಎಡ್ಮಂಡ್‌ನೊಂದಿಗೆ ಸೇಂಟ್ ಮೇರಿಚರ್ಚ್‌ಗೆ ಬಂದ ಗಾಸ್ ಮತ್ತೆ ಕಡಲಿಗಿಳಿದ. ಬ್ರಿಟನ್ನಿನ ಅನಿಮೋನ್‌ಗಳ ಕುರಿತ ಮಹಾಗ್ರಂಥ 1860ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಮರಳುವಾಸಿಗಳನ್ನೆಲ್ಲ ಆತ ಒಂದೇ ಕುಟುಂಬಕ್ಕೆ ಸೇರಿಸಿದ್ದ. ಮುಂದೆ ವಿಜ್ಞಾನಿಗಳು ದೇಹದೊಳಗಿನ ಮಡಿಕೆಗಳನ್ನೂ ಸ್ನಾಯುಗಳನ್ನೂ ಪರೀಕ್ಷಿಸಿ ಅವುಗಳನ್ನು ಬೇರೆ ಬೇರೆ ಕುಟುಂಬಗಳಿಗೆ ಹಂಚಿದರು. ಬದುಕುವ ಜಾಗ ಒಂದೇ ಆದಮಾತ್ರಕ್ಕೆ ನೆಂಟಸ್ತನ ಒಂದೇ ಆಗುವುದಿಲ್ಲವಲ್ಲ! ಪೀಚಿಯಾ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಗಾಸ್‌ನ ಪುಸ್ತಕಗಳನ್ನು ಓದಿದ ಜನ ಗುಂಪು ಗುಂಪಾಗಿ ದಡಕ್ಕೆ ನುಗ್ಗಿದರು. ಮನೆಯ ತೊಟ್ಟಿ ತುಂಬಿಸಲು ಬಂಡೆಗಳ ನಡುವಿನ ಹೊಂಡಗಳನ್ನು ಬರಿದು ಮಾಡಿದರು. ತಂದೆಗೆ ಇದರಿಂದಾದ ನೋವನ್ನು ಎಡ್ಮಂಡ್ 1907ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. 1888ರಲ್ಲಿ ಗಾಸ್ ತೀರಿಕೊಳ್ಳುವ ಹೊತ್ತಿಗೆ ಆತ ಮೊದಲು ಕಂಡ ಕಡಲಂಚು ಹಾಗೆ ಉಳಿದಿರಲಿಲ್ಲ.

ಚೆಂದದ ಜಾಗ ಕಂಡೊಡನೆ ಫೋಟೊ ಜೊತೆ ಲೊಕೇಶನ್ನನ್ನೂ ಹಂಚುವವರು ನಾವು. ಪ್ರೀತಿಯಿಂದ ತೋರಿಸಿದ್ದೂ ಹಾಳಾಗಬಹುದು. ಹಂಚುವ ಮುನ್ನ ಒಮ್ಮೆ ಗಾಸ್‌ನನ್ನು ನೆನೆಯೋಣ.