ರಫಿ ಸಾಹೇಬರು ಮತ್ತು ನಮ್ಮ ಜಗಲಿಯ ರೇಡಿಯೊ

ನಮ್ಮ ದಾದಾ ಹುಡುಗರಾಗಿದ್ದಾಗ ಕೆ.ಆರ್.ಎಸ್. ಬೃಂದಾವನದ ಬಳಿ ಕಡಲೆಕಾಯಿ ಮಾರುತ್ತಿದ್ದರು. ಹಿಂದಿ ಸಿನಿಮಾದವರು ಕಾರಂಜಿಗಳ ಮುಂದೆ ಹಾಡಿನ ಶೂಟಿಂಗಿಗೆ ಬಂದರೆ ವ್ಯಾಪಾರ ಬಿಟ್ಟು ಓಡುತ್ತಿದ್ದರಂತೆ. ಹೀರೊ ಬರೀ ತುಟಿ ಆಡಿಸುತ್ತಾನೆ, ಹಾಡುವವರು ಬೇರೆ ಎಂದು ಅವರಿಗೆ ತಿಳಿದದ್ದು ಅಲ್ಲೇ. ಹಾಗೆ ಹಿಡಿದ ಮೊಹಮ್ಮದ್ ರಫಿ ಹುಚ್ಚು ನನಗೂ ಅಂಟಿದೆ.

ರಫಿ ಸಾಹೇಬರು ಹುಟ್ಟಿದ್ದು 1924ರ ಡಿಸೆಂಬರ್ 24ರಂದು, ಅಮೃತಸರದ ಹತ್ತಿರದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ. ಊರಿಗೆ ಬರುತ್ತಿದ್ದ ಫಕೀರನೊಬ್ಬನ ಹಾಡನ್ನು ಅನುಕರಿಸುತ್ತಾ ಹಾಡು ಕಲಿತರಂತೆ. ಲಾಹೋರಿನಲ್ಲಿ ಮನೆಯವರದು ಕ್ಷೌರದಂಗಡಿ. ಅಲ್ಲಿಯೇ ಉಸ್ತಾದರ ಬಳಿ ಸಂಗೀತಪಾಠ. 1944ರಲ್ಲಿ ಮುಂಬೈಗೆ ಬಂದರು. ದೇಶ ಇಬ್ಭಾಗವಾದಾಗ ಲಾಹೋರ್ ಗಡಿಯಾಚೆಗೆ ಹೋಯಿತು, ಅವರು ಇಲ್ಲೇ ಉಳಿದರು. ಮರುವರ್ಷ ಗಾಂಧೀಜಿಯ ಹತ್ಯೆಯಾದ ಮೇಲೆ ಬಾಪೂ ಬದುಕಿನ ಹಾಡು ಹಾಡಿದರು. ನೆಹರೂ ಅವರು ಮನೆಗೇ ಕರೆಸಿ ಕೇಳಿದರು.

1952ರ 'ಬೈಜು ಬಾವ್ರಾ'ದಲ್ಲಿ ಒಂದು ಹರಿಭಜನೆ ಇದೆ. ಬರೆದವರು ಶಕೀಲ್ ಬದಾಯೂನಿ, ರಾಗ ಕೂಡಿಸಿದವರು ನೌಷಾದ್, ಹಾಡಿದವರು ರಫಿ. ರಾಗ ಮಾಲ್ಕೌಂಸ್, ನಮ್ಮ ಕಡೆಯ ಹಿಂದೋಳದಂಥದ್ದು. ಆ ದಿನಗಳಲ್ಲೇ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಿತು. ಜನ ಸುಮ್ಮನಿದ್ದರೆ? ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ಶುರುಮಾಡಬೇಕಾಯಿತು.

ಬುಧವಾರ ರಾತ್ರಿ ಬಿನಾಕಾ ಗೀತಮಾಲಾ ಕೇಳಲು ಪಕ್ಕದ ಮನೆಯ ಗೌಡರು ನಮ್ಮ ಜಗಲಿಗೆ ಬರುತ್ತಿದ್ದರು. ಅವರಿಗೆ ಹಿಂದಿ ಬಾರದು, ಅರ್ಥ ದಾದಾ ಹೇಳಬೇಕು. ನಮ್ಮದು ಮನೆಮಾತಿನ ದಖನಿ, ಹಾಡಿನದು ಶಾಯರರ ಉರ್ದು. ತಿಳಿಯದ ಕಡೆ ದಾದಾ ತಾವೇ ಒಂದು ಅರ್ಥ ಹೊಸೆದುಬಿಡುತ್ತಿದ್ದರು! ಗೌಡರು ತಲೆದೂಗುತ್ತಿದ್ದರು.

1967ರಲ್ಲಿ, ಪದ್ಮಶ್ರೀ ಬಂದ ವರ್ಷವೇ, ರಫಿ ಸಾಹೇಬರು 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಕನ್ನಡದಲ್ಲಿ ಹಾಡಿದರು. ಸಂಗೀತ ಸತ್ಯಂ ಅವರದು. ಅವರು ಕನ್ನಡಿಗರಲ್ಲ ಎಂಬುದು ಕಿವಿಗೆ ತಿಳಿಯುತ್ತದೆ, ಆದರೂ ಆ ಹಾಡಿನ ನೋವಿಗೆ ಅದು ಅಡ್ಡ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ರೇಡಿಯೊದಲ್ಲಿ ಬಂದ ದಿನ ಅರ್ಥ ಹೇಳುವ ಸರದಿ ಗೌಡರದು. ದಾದಾಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೂ ಸುಮ್ಮನೆ ಕೇಳಿಸಿಕೊಂಡರಂತೆ.

1980ರ ಜುಲೈ 31ರ ರಾತ್ರಿ, ರಂಜಾನ್ ತಿಂಗಳಲ್ಲಿ, ಹೃದಯಾಘಾತದಿಂದ ಸಾಹೇಬರು ತೀರಿಕೊಂಡರು. ವಯಸ್ಸು 55. ಮುಂಬೈಯಲ್ಲಿ ಸುರಿಯುವ ಮಳೆಯಲ್ಲೇ ಸಾವಿರಾರು ಜನ ಜನಾಜಾದ ಹಿಂದೆ ನಡೆದರು. ಮರುದಿನ ರಾತ್ರಿ ದಾದಾ ತರಾವೀಹ್ ಮುಗಿಸಿ ಬರುವಷ್ಟರಲ್ಲಿ ಗೌಡರು ಜಗಲಿಯಲ್ಲಿ ಕೂತು ರೇಡಿಯೊ ಹಚ್ಚಿದ್ದರು. ಅಂದು ಯಾರೂ ಅರ್ಥ ಕೇಳಲಿಲ್ಲವಂತೆ.