ಯುದ್ಧದ ಗದ್ದಲದಲ್ಲಿ ಮಣಿಯದ ಮನಸ್ಸಾಕ್ಷಿ: ನ್ಯಾಯಮೂರ್ತಿ ಫ್ರಾಂಕ್ ಮರ್ಫಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಹ್ಯೂರಾನ್ ಸರೋವರದ ದಡದ ಪುಟ್ಟ ಊರೊಂದರಲ್ಲಿ 1890ರ ಏಪ್ರಿಲ್ 13ರಂದು ಫ್ರಾಂಕ್ ಮರ್ಫಿ ಜನಿಸಿದರು. ಅವರದು ಐರಿಷ್ ಮೂಲದ ಕಥೋಲಿಕ ಕುಟುಂಬ. ತಂದೆಯಂತೆ ತಾವೂ ಕಾನೂನು ಓದಿ ಡೆಟ್ರಾಯಿಟ್ ನಗರದ ನ್ಯಾಯಾಧೀಶರಾದರು. ಮುಂದೆ ಆ ನಗರದ ಮೇಯರ್, ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್, ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗಳನ್ನು ಅಲಂಕರಿಸಿದರು. 1939ರಲ್ಲಿ ದೇಶದ ಅಟಾರ್ನಿ ಜನರಲ್ ಆದಾಗ, ನಾಗರಿಕ ಸ್ವಾತಂತ್ರ್ಯಗಳ ರಕ್ಷಣೆಗೆಂದೇ ನ್ಯಾಯಾಂಗ ಇಲಾಖೆಯಲ್ಲಿ ಒಂದು ವಿಭಾಗವನ್ನು ತೆರೆದರು. 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಿದರು.

ಮರುವರ್ಷವೇ ಯುದ್ಧ ಬಾಗಿಲಿಗೆ ಬಂತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿತು. 1942ರ ಫೆಬ್ರುವರಿ 19ರಂದು ರೂಸ್‌ವೆಲ್ಟ್ ಹೊರಡಿಸಿದ 9066ನೇ ಆಜ್ಞೆಯು, ಯಾವುದೇ ಪ್ರದೇಶದಿಂದ ಯಾರನ್ನೇ ಆಗಲಿ ಹೊರಹಾಕುವ ಅಧಿಕಾರವನ್ನು ಸೈನ್ಯಾಧಿಕಾರಿಗಳಿಗೆ ನೀಡಿತು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರು ಮನೆ, ಅಂಗಡಿ, ಹೊಲಗಳನ್ನು ಬಿಟ್ಟು ಮುಳ್ಳುತಂತಿಯ ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ವೃದ್ಧರೂ ಹಸುಗೂಸುಗಳೂ ಅವರಲ್ಲಿದ್ದರು. ಯಾರ ಮೇಲೂ ಆರೋಪಪಟ್ಟಿಯಿರಲಿಲ್ಲ, ಯಾರಿಗೂ ವಿಚಾರಣೆಯಿರಲಿಲ್ಲ.

ಈ ನೀತಿಯ ಮೊದಲ ದೊಡ್ಡ ಮೊಕದ್ದಮೆ 1943ರಲ್ಲಿ ಬಂತು. ಜಪಾನೀ ಮೂಲದವರ ಮೇಲೆ ಹೇರಿದ ಕರ್ಫ್ಯೂವನ್ನು ಗಾರ್ಡನ್ ಹಿರಬಯಾಶಿ ಎಂಬ ವಿದ್ಯಾರ್ಥಿ ಮುರಿದಿದ್ದನು. ಮರ್ಫಿ ಭಿನ್ನಮತದ ತೀರ್ಪನ್ನು ಬರೆಯತೊಡಗಿದ್ದರು. ಆದರೆ ಯುದ್ಧಕಾಲದಲ್ಲಿ ನ್ಯಾಯಾಲಯ ಒಂದೇ ದನಿಯಲ್ಲಿ ಮಾತನಾಡಬೇಕೆಂಬ ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು ಸರಕಾರದ ಪರವಾಗಿಯೇ ಮತ ನೀಡಿದರು. ಈ ಕ್ರಮ ಸಂವಿಧಾನದ ಅಂಚಿಗೆ ಬಂದು ನಿಂತಿದೆಯೆಂದೂ, ಯೆಹೂದ್ಯರನ್ನು ಜರ್ಮನಿ ನಡೆಸಿಕೊಂಡ ರೀತಿಯನ್ನು ನೆನಪಿಸುತ್ತದೆಯೆಂದೂ ಎಚ್ಚರಿಸಲು ಮಾತ್ರ ಮರೆಯಲಿಲ್ಲ.

ಮುಂದಿನ ವರ್ಷ ಫ್ರೆಡ್ ಕೊರೆಮಾತ್ಸು ಎಂಬ ಬೆಸುಗೆ ಕೆಲಸಗಾರನ ಮೊಕದ್ದಮೆ ಬಂದಾಗ ಅವರು ಮತ್ತೆ ಮಣಿಯಲಿಲ್ಲ. 1944ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳು ಸರಕಾರದ ಪರ ನಿಂತರು; ವಿರೋಧಿಸಿದ ಮೂವರಲ್ಲಿ ಮರ್ಫಿ ಒಬ್ಬರು. ಅವರ ವಾದ ಸರಳವಾಗಿತ್ತು. ಪರ್ಲ್ ಹಾರ್ಬರ್ ದಾಳಿಯ ಬಳಿಕ ಮೊದಲ ಹೊರಹಾಕುವ ಆಜ್ಞೆ ಬರಲು ಸುಮಾರು ನಾಲ್ಕು ತಿಂಗಳು ಹಿಡಿದಿತ್ತು. ಹಾಗಿರುವಾಗ ಒಬ್ಬೊಬ್ಬರನ್ನೇ ವಿಚಾರಿಸಲು ಸಮಯವಿರಲಿಲ್ಲವೆಂದು ಹೇಳಲಾಗದು. ಬ್ರಿಟನ್ ಆರು ತಿಂಗಳಲ್ಲಿ ಸುಮಾರು 74,000 ಜರ್ಮನ್ ಹಾಗೂ ಆಸ್ಟ್ರಿಯನ್ ಜನರನ್ನು ಪ್ರತ್ಯೇಕವಾಗಿ ವಿಚಾರಿಸಿ, ಸುಮಾರು 2,000 ಮಂದಿಯನ್ನಷ್ಟೇ ಬಂಧನದಲ್ಲಿರಿಸಿತ್ತು. ಕೆಲವರ ಮೇಲಿನ ಸಂಶಯಕ್ಕಾಗಿ ಇಡೀ ಜನಾಂಗವನ್ನು ಶಿಕ್ಷಿಸುವುದು ಜನಾಂಗದ್ವೇಷವಲ್ಲದೆ ಬೇರೇನೂ ಅಲ್ಲವೆಂದು ಅವರು ಬರೆದರು.

1946ರಲ್ಲಿ ಇನ್ನೂ ಕಠಿಣ ಪರೀಕ್ಷೆ ಎದುರಾಯಿತು. ಫಿಲಿಪ್ಪೀನ್ಸ್‌ನಲ್ಲಿ ಜಪಾನೀ ಸೈನ್ಯ ನಡೆಸಿದ ಕ್ರೌರ್ಯಕ್ಕಾಗಿ ಜನರಲ್ ಯಮಶಿತಾಗೆ ಸೈನಿಕ ನ್ಯಾಯಮಂಡಳಿ ಮರಣದಂಡನೆ ವಿಧಿಸಿತ್ತು. ನರಳಿದವರು ಮರ್ಫಿ ಒಮ್ಮೆ ಆಳಿದ ಜನರೇ. ಆದರೂ ಸೋತ ಶತ್ರುವಿಗೂ ನ್ಯಾಯಬದ್ಧ ವಿಚಾರಣೆಯ ಹಕ್ಕಿದೆಯೆಂದು ಅವರು ಭಿನ್ನಮತ ದಾಖಲಿಸಿದರು. ಯಮಶಿತಾ ಗಲ್ಲಿಗೇರಿದನು.

1949ರ ಜುಲೈ 19ರಂದು ಡೆಟ್ರಾಯಿಟ್‌ನಲ್ಲಿ, ತಮ್ಮ 59ನೇ ವಯಸ್ಸಿನಲ್ಲಿ ಮರ್ಫಿ ನಿಧನರಾದರು. ತಮ್ಮ ಭಿನ್ನಮತ ಗೆದ್ದದ್ದನ್ನು ಅವರು ಕಾಣಲಿಲ್ಲ. 1983ರಲ್ಲಿ ಕೊರೆಮಾತ್ಸುವಿನ ಶಿಕ್ಷೆ ರದ್ದಾಯಿತು. 1988ರಲ್ಲಿ ಅಮೆರಿಕ ಸರಕಾರವು ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬ ಸಂತ್ರಸ್ತರಿಗೂ 20,000 ಡಾಲರ್ ಪರಿಹಾರ ಘೋಷಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೇ 1944ರ ಆ ತೀರ್ಪು ತಪ್ಪಾಗಿತ್ತೆಂದು ಒಪ್ಪಿಕೊಂಡಿತು.

ರಾತ್ರಿಯ ಪ್ರಾರ್ಥನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವುದನ್ನು ನಮ್ಮ ಹಿರಿಯರು ಕಲಿಸಿದ್ದಾರೆ. ಮರ್ಫಿ ಒಮ್ಮೆ ಎಡವಿದರು; ಆದರೆ ಎಡವಿದಲ್ಲೇ ಉಳಿಯಲಿಲ್ಲ. ನೆರೆಯವನು ಯಾರೆಂಬ ಪ್ರಶ್ನೆಗೆ ಪ್ರಭು ಯೇಸು ಸಮಾರಿಯದವನ ಸಾಮತಿಯಿಂದ ಉತ್ತರವಿತ್ತರು. ಊರಿಗೆ ಊರೇ ಒಬ್ಬ ನೆರೆಯವನನ್ನು ಸಂಶಯದಿಂದ ನೋಡುವ ದಿನ ಬಂದರೆ, ನಾವು ಮೊದಲು ಕೇಳಬೇಕಾದದ್ದು ಅವನ ಕುಲವನ್ನಲ್ಲ, ಅವನು ನಿಜವಾಗಿ ಮಾಡಿದ್ದೇನೆಂಬುದನ್ನು.